ಟ್ರೈನಲ್ಲಿ, ಕಾರಲ್ಲಿ ನಾಲ್ಕೈದು ಊರು ಸುತ್ತುವ ವಿದೇಶ ಪ್ರವಾಸ: ಮೈಸೂರು-ಮಂಡ್ಯದವರಿಗೆ ಹಂತ ಹಂತದ ಮಾರ್ಗದರ್ಶಿ

ಹನ್ನೆರಡು ರಾತ್ರಿ, ಐದು ದೇಶ, ಒಂಬತ್ತು ಊರು. ಮೈಸೂರು, ಮಂಡ್ಯ ಕಡೆಯಿಂದ ಟೂರ್ ಕಂಪನಿ ಇಲ್ಲದೆ ಸ್ವಂತವಾಗಿ ಯುರೋಪಿಗೆ ಹೊರಡುವವರು ತೋರಿಸುವ ಪ್ಲಾನ್ ಹೆಚ್ಚೂಕಮ್ಮಿ ಹೀಗೇ ಇರುತ್ತದೆ. ತಪ್ಪೂ ಪ್ರತಿ ಸಲ ಅದೇ. ಎರಡು ಊರಿನ ನಡುವೆ ಟ್ರೈನು ಮೂರು ಗಂಟೆ ಅಂತ ಬರೆದುಕೊಂಡಿರುತ್ತಾರೆ. ರೂಮು ಖಾಲಿ ಮಾಡುವುದು, ಸ್ಟೇಷನ್ ತಲುಪುವುದು, ಪ್ಲಾಟ್‌ಫಾರ್ಮ್ ಹುಡುಕುವುದು, ಇಳಿದ ಮೇಲೆ ಸೂಟ್‌ಕೇಸ್ ಎಳೆದುಕೊಂಡು ಹೊಸ ರೂಮಿಗೆ ಹೋಗುವುದು, ಅಲ್ಲಿ ಮಧ್ಯಾಹ್ನ ಮೂರರವರೆಗೆ ಒಳಗೆ ಬಿಡಲ್ಲ ಅಂದರೆ ಕಾಯುವುದು, ಇದ್ಯಾವುದೂ ಲೆಕ್ಕಕ್ಕೇ ಬಂದಿರುವುದಿಲ್ಲ. ಮೈಸೂರಿಂದ ಬೆಂಗಳೂರಿಗೆ ಟ್ರೈನು ಎರಡೂವರೆ ಗಂಟೆ, ಆದರೆ ಕುವೆಂಪುನಗರದ ಮನೆಯಿಂದ ಜಯನಗರದ ನೆಂಟರ ಮನೆ ಬಾಗಿಲು ತಟ್ಟುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆ ಅಂತ ನಿಮಗೇ ಗೊತ್ತಲ್ವಾ? ಅಲ್ಲೂ ಅಷ್ಟೇ.

ಇಲ್ಲಿ ಒಂದೇ ಉದಾಹರಣೆ ಹಿಡಿದು ಕೊನೆವರೆಗೂ ಹೋಗೋಣ. ಸ್ವಿಟ್ಜರ್ಲೆಂಡ್ ಮತ್ತು ಇಟಲಿ, 12 ರಾತ್ರಿ, ನಾಲ್ಕು ಜನ: ಗಂಡ, ಹೆಂಡತಿ, ಹತ್ತು ವರ್ಷದ ಮಗು, ಅಜ್ಜಿ. ನೀವು ಬೇರೆ ಊರು ಆರಿಸಿಕೊಂಡರೂ ಹಂತಗಳ ಕ್ರಮ ಬದಲಾಗಲ್ಲ. ಈ ಕ್ರಮ ಹಿಂದುಮುಂದಾದಾಗಲೇ ದುಡ್ಡು ಕೈಬಿಡೋದು.

ಹಂತ 1: ದಿನ ಬಿಟ್ಟು ರಾತ್ರಿ ಎಣಿಸಿ

ವಿಮಾನದ ರೇಟು ನೋಡುವುದಕ್ಕೆ ಮುಂಚೆ ಒಂದು ಹಾಳೆ ತಗೊಳ್ಳಿ. ಎಡಗಡೆ 1ರಿಂದ 13ರವರೆಗೆ ಬರೆಯಿರಿ. ಪ್ರತಿ ಅಂಕಿಯ ಮುಂದೆ ಆ ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದೊಂದನ್ನೇ ಬರೆಯಿರಿ. ನೋಡುವ ಜಾಗಗಳ ಹೆಸರು ಈಗ ಬೇಡ.

ನಮ್ಮ ಉದಾಹರಣೆ ಹೀಗೆ: ಸ್ವಿಟ್ಜರ್ಲೆಂಡಿನಲ್ಲಿ ಲುಸರ್ನ್ 2 ರಾತ್ರಿ, ಇಂಟರ್‌ಲಾಕನ್ 3; ಇಟಲಿಯಲ್ಲಿ ಫ್ಲಾರೆನ್ಸ್ 2, ಟಸ್ಕನಿಯ ಹಳ್ಳಿ ಕಡೆ ಕಾರಲ್ಲಿ 2, ರೋಮ್ 3. ಒಟ್ಟು 12.

ಈಗ ಊರು ಬದಲಾಯಿಸುವ ದಿನಗಳಿಗೆಲ್ಲ ಸುತ್ತು ಹಾಕಿ. 1ನೇ ದಿನ ಜ್ಯೂರಿಕ್‌ನಲ್ಲಿ ಇಳಿಯುತ್ತೀರಿ. 3ಕ್ಕೆ ಇಂಟರ್‌ಲಾಕನ್, 6ಕ್ಕೆ ಫ್ಲಾರೆನ್ಸ್, 8ಕ್ಕೆ ಕಾರು ತಗೊಳ್ಳುವುದು, 10ಕ್ಕೆ ಕಾರು ವಾಪಸ್ ಕೊಟ್ಟು ರೋಮ್, 13ಕ್ಕೆ ವಿಮಾನ. ಆರು ದಿನ ಸುತ್ತಿನೊಳಗೆ ಹೋಯಿತು. ಪೂರ್ತಿಯಾಗಿ ನಿಮ್ಮ ಕೈಗೆ ಸಿಗುವುದು 2, 4, 5, 7, 9, 11, 12, ಅಂದರೆ ಏಳೇ ದಿನ. ಐದು ತಂಗುವ ಜಾಗಕ್ಕೇ ಈ ಗತಿ. ಒಂಬತ್ತು ಊರು ಹಾಕಿದರೆ ಏನು ಉಳಿಯುತ್ತದೆ ಅಂತ ನೀವೇ ಸುತ್ತು ಹಾಕಿ ನೋಡಿ.

ಎಚ್ಚರಿಕೆಯ ಗುರುತು: ಹಾಳೆಯಲ್ಲಿ ಒಂದೊಂದೇ ರಾತ್ರಿಯ ಊರು ಎರಡಕ್ಕಿಂತ ಜಾಸ್ತಿ ಇದ್ದರೆ ಪ್ಲಾನ್ ಕೈಕೊಡುತ್ತದೆ. ಸುತ್ತು ಹಾಕಿದ ದಿನ ಬಿಡುವಿನ ದಿನಕ್ಕಿಂತ ಹೆಚ್ಚಾಗಿದ್ದರೆ ಒಂದು ಊರು ತೆಗೆಯಲೇಬೇಕು. ಯಾವ ಊರು ಬಿಡೋದು ಅಂತ ಮನೆಯಲ್ಲಿ ಜಗಳ ಆಗಬಹುದು. ಅದು ಇಲ್ಲೇ ಆಗಿ ಮುಗಿಯಲಿ, ಮಿಲಾನ್ ಸ್ಟೇಷನ್ನಿನಲ್ಲಿ ಬೇಡ.

ಆಫೀಸಿಗೆ ರಜೆ ಕೇಳುವಾಗ 12 ರಾತ್ರಿಗೆ 15 ದಿನ ಕೇಳಿ. ಮನೆಯಿಂದ ವಿಮಾನ ನಿಲ್ದಾಣ, ಕೊಲ್ಲಿ ದೇಶದಲ್ಲಿ ವಿಮಾನ ಬದಲಾವಣೆ, ವಾಪಸ್ ಬಂದ ಮರುದಿನ, ಎಲ್ಲ ಸೇರಿ.

ಹಂತ 2: ಊರುಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ

ಮ್ಯಾಪಿನ ಮೇಲೆ ಬೆರಳಿಟ್ಟು ಊರಿಂದ ಊರಿಗೆ ಎಳೆಯಿರಿ. ಬೆರಳು ಹಿಂದಕ್ಕೆ ಬಂತೋ, ಜೋಡಣೆ ತಪ್ಪಿದೆ ಅಂತ. ಜ್ಯೂರಿಕ್‌ನಿಂದ ರೋಮ್‌ವರೆಗೆ ನಮ್ಮ ದಾರಿ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತಾ ಹೋಗುತ್ತದೆ, ಕಾರು ವಾಪಸ್ ಕೊಡೋಕೆ ಫ್ಲಾರೆನ್ಸ್‌ಗೆ ಬರುವುದೊಂದು ಬಿಟ್ಟರೆ ಎಲ್ಲೂ ಮೇಲಕ್ಕೆ ಹತ್ತುವುದಿಲ್ಲ.

ಇಲ್ಲೇ ಜನ ಎಡವುವುದು. ಜ್ಯೂರಿಕ್‌ಗೆ ಹೋಗಿ ಬರುವ ಟಿಕೆಟ್ ಅಗ್ಗ ಕಂಡಿತು ಅಂತ ಅದನ್ನು ತಗೊಂಡುಬಿಡುತ್ತಾರೆ. ಆಮೇಲೆ ರೋಮಿನಿಂದ ಮತ್ತೆ ಜ್ಯೂರಿಕ್‌ಗೆ ಬರೋಕೆ ಒಂದು ಇಡೀ ದಿನ, ನಾಲ್ಕು ಜನರ ಟ್ರೈನ್ ಚಾರ್ಜು, ಜೊತೆಗೆ ವಿಮಾನ ತಪ್ಪಬಾರದು ಅಂತ ಅಲ್ಲೊಂದು ರಾತ್ರಿ. ಟಿಕೆಟ್ ಹುಡುಕುವಾಗ ರೌಂಡ್ ಟ್ರಿಪ್ ಒತ್ತಬೇಡಿ, ಮಲ್ಟಿ-ಸಿಟಿ ಒತ್ತಿ. ಬೆಂಗಳೂರಿಂದ ಜ್ಯೂರಿಕ್, ರೋಮಿನಿಂದ ಬೆಂಗಳೂರು. ಸ್ವಲ್ಪ ದುಬಾರಿ ಕಂಡರೂ ಒಂದು ದಿನ ಉಳಿಯುತ್ತದೆ.

"ಅಷ್ಟು ದೂರ ಹೋಗ್ತೀವಿ, ಲಂಡನ್ ಒಂದು ಸೇರಿಸಿಬಿಡೋಣ" ಅನ್ನುವ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪ್ ದೇಶಗಳ ಗುಂಪಿಗೆ ಷೆಂಗೆನ್ ಅಂತಾರೆ, ಬ್ರಿಟನ್ ಅದರಲ್ಲಿಲ್ಲ. ಅದಕ್ಕೆ ಬೇರೆಯೇ ವೀಸಾ, ಬೇರೆ ದುಡ್ಡು, ಬೇರೆ ಬಯೋಮೆಟ್ರಿಕ್. ಅದನ್ನು ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಳ್ಳಿ.

ಹಂತ 3: ಎಲ್ಲಿ ಟ್ರೈನು, ಎಲ್ಲಿ ಕಾರು

ದೊಡ್ಡ ಊರಿಂದ ದೊಡ್ಡ ಊರಿಗೆ ಟ್ರೈನು. ಬಸ್ಸು, ಟ್ರೈನು ಸರಿಯಾಗಿ ಇಲ್ಲದ ಹಳ್ಳಿಗಾಡಿಗೆ ಮಾತ್ರ ಕಾರು. ಮಿಲಾನಿನಿಂದ ಫ್ಲಾರೆನ್ಸ್‌ಗೆ ವೇಗದ ಟ್ರೈನಿನಲ್ಲಿ ಸುಮಾರು ಎರಡು ಗಂಟೆ, ಫ್ಲಾರೆನ್ಸ್‌ನಿಂದ ರೋಮ್‌ಗೆ ಸುಮಾರು ಒಂದೂವರೆ. ಅಲ್ಲಿ ಕಾರು ಓಡಿಸುವುದರಲ್ಲಿ ಅರ್ಥವಿಲ್ಲ. ಟೋಲು, ಪಾರ್ಕಿಂಗು, ಊರೊಳಗಿನ ನಿರ್ಬಂಧ ಎಲ್ಲ ಸೇರಿ ತಲೆ ಕೆಡುತ್ತದೆ. ಆದರೆ ಪಿಯೆಂಜಾ, ಮೊಂತೆಪುಲ್ಚಾನೊ ಕಡೆ ಗುಡ್ಡದ ಊರುಗಳಿಗೆ ಕಾರು ಇಲ್ಲದೆ ಎರಡು ದಿನದಲ್ಲಿ ಏನೂ ನೋಡಲಾಗದು. ಅದಕ್ಕೇ ಕಾರು ಆ ಎರಡು ರಾತ್ರಿಗಷ್ಟೇ.

ಕಾರನ್ನು ಪ್ರವಾಸದ ಮಧ್ಯದಲ್ಲಿ ಇಡಿ. ವಿಮಾನ ಇಳಿದ ದಿನ ಖಂಡಿತ ಬೇಡ. ರಾತ್ರಿಯಿಡೀ ನಿದ್ದೆ ಇಲ್ಲದೆ, ರಸ್ತೆಯ ಬಲಗಡೆ ಓಡಿಸುವ ದೇಶದಲ್ಲಿ, ಎಡಗಡೆ ಸ್ಟೇರಿಂಗ್ ಹಿಡಿದು ಕೂರುವುದು ಅಪಾಯ. ಇದರಲ್ಲಿ ರಾಜಿ ಬೇಡ.

ಒಂದು ದೇಶದಲ್ಲಿ ಕಾರು ತಗೊಂಡು ಇನ್ನೊಂದು ದೇಶದಲ್ಲಿ ಬಿಡುವ ಯೋಚನೆ ಇದ್ದರೆ ಅಲ್ಲೇ ಕೈಬಿಡಿ. ಅದಕ್ಕೆ ಹಾಕುವ ಚಾರ್ಜು ಬಾಡಿಗೆಗಿಂತ ಜಾಸ್ತಿ ಆಗುವುದುಂಟು. ತಗೊಂಡ ಜಾಗಕ್ಕೇ ವಾಪಸ್ ಕೊಡಿ. ನಮ್ಮ ಪ್ಲಾನಿನಲ್ಲಿ ಅದು ಫ್ಲಾರೆನ್ಸ್ ವಿಮಾನ ನಿಲ್ದಾಣದ ಕಡೆ. ಊರ ಮಧ್ಯದಿಂದ ಟ್ರಾಮಿನಲ್ಲಿ ಸುಮಾರು 20 ನಿಮಿಷ, ಹಳೇ ಊರಿನ ಗಲ್ಲಿಗಳಿಗೆ ಕಾರು ನುಗ್ಗಿಸುವ ಗೋಜೇ ಇಲ್ಲ.

ಹಂತ 4: ಹೆಸರು ಸರಿಮಾಡಿಕೊಳ್ಳಿ, ಆಮೇಲೆ ಮಿಕ್ಕಿದ್ದು

ನಮ್ಮ ಕಡೆಯವರಿಗೆ ಇದು ದೊಡ್ಡ ತಲೆನೋವು. ಲೈಸೆನ್ಸಿನಲ್ಲಿ ಇನಿಶಿಯಲ್ಲು, ಪಾಸ್‌ಪೋರ್ಟಿನಲ್ಲಿ ಅದೇ ಇನಿಶಿಯಲ್ಲು ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು. ಕ್ರೆಡಿಟ್ ಕಾರ್ಡಿನಲ್ಲಿ ಇನ್ನೊಂದು ಥರ. ಇಲ್ಲಿ ಯಾರೂ ಕೇಳಲ್ಲ. ಅಲ್ಲಿ ಕಾರು ಕೊಡುವ ಕೌಂಟರಿನಲ್ಲಿ ಪಾಸ್‌ಪೋರ್ಟು, ಲೈಸೆನ್ಸು, ಕ್ರೆಡಿಟ್ ಕಾರ್ಡು ಮೂರನ್ನೂ ಸಾಲಾಗಿಟ್ಟು ನೋಡುತ್ತಾರೆ.

ಇವತ್ತೇ ಮೂರನ್ನೂ ಟೇಬಲ್ ಮೇಲೆ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ವಿಮಾನದ ಟಿಕೆಟ್ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಬೇಕು, ಗಿವನ್ ನೇಮ್ ಮತ್ತು ಸರ್‌ನೇಮ್ ಅದಲು ಬದಲಾಗಬಾರದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅದನ್ನು ಮೊದಲು ಸರಿಪಡಿಸಿ. ಮೈಸೂರಿನಲ್ಲಿ 2017ರಿಂದಲೇ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ, ಇದಕ್ಕಾಗಿ ಬೆಂಗಳೂರಿಗೆ ಓಡಬೇಕಾಗಿಲ್ಲ. ಷೆಂಗೆನ್ ವೀಸಾಗೆ ಪಾಸ್‌ಪೋರ್ಟು ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಡುವ ದಿನದ ಆಚೆಗೆ ಕನಿಷ್ಠ 3 ತಿಂಗಳು ಅವಧಿ ಇರಬೇಕು, ಎರಡು ಖಾಲಿ ಪುಟ ಇರಬೇಕು.

ಕಾರು ಓಡಿಸುವವರಿಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಇದನ್ನು ಕೊಡುವುದು ನಿಮ್ಮ ಆರ್‌ಟಿಒ ಕಚೇರಿ. ಕೆಎ-09, ಕೆಎ-55, ಕೆಎ-11, ಯಾವುದಾದರೂ ಸರಿ. ಸಾರಥಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು, ಸರ್ಕಾರಿ ಶುಲ್ಕ 1,000 ರೂಪಾಯಿ, ಅವಧಿ 1 ವರ್ಷ. ವೀಸಾ ಪ್ರತಿ ಕೇಳಬಹುದು, ಹಾಗಾಗಿ ವೀಸಾ ಕೈಗೆ ಬಂದ ಮೇಲೆ ಇದನ್ನು ಮಾಡಿಸಿ. ಆದರೆ ಲೈಸೆನ್ಸಿನ ಹೆಸರು ತಿದ್ದುವ ಕೆಲಸ ಈಗಲೇ ಮುಗಿಸಿ. ಪರ್ಮಿಟ್ ಒಂದೇ ತೋರಿಸಿದರೆ ಆಗಲ್ಲ, ಮೂಲ ಲೈಸೆನ್ಸೂ ಜೊತೆಗಿರಬೇಕು.

ಹಂತ 5: ವೀಸಾ

ಮೊದಲ ಪ್ರಶ್ನೆ: ಯಾವ ದೇಶಕ್ಕೆ ಅರ್ಜಿ? ಮೊದಲು ಇಳಿಯುವ ದೇಶಕ್ಕೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಹೆಚ್ಚು ದಿನ ಇರುವ ದೇಶಕ್ಕೆ ಹಾಕಬೇಕು. ನಮ್ಮ ಪ್ಲಾನಿನಲ್ಲಿ ಸ್ವಿಟ್ಜರ್ಲೆಂಡ್ 5 ರಾತ್ರಿ, ಇಟಲಿ 7. ಜ್ಯೂರಿಕ್‌ನಲ್ಲಿ ಇಳಿದರೂ ಅರ್ಜಿ ಇಟಲಿಗೇ. ಎರಡೂ ಕಡೆ ಸಮ ಇದ್ದರೆ ಮಾತ್ರ ಮೊದಲು ಕಾಲಿಡುವ ದೇಶ ಲೆಕ್ಕಕ್ಕೆ ಬರುತ್ತದೆ. ಇದಕ್ಕೇ ರಾತ್ರಿ ಲೆಕ್ಕ ಮೊದಲ ಹಂತದಲ್ಲಿ ಮಾಡಿಸಿದ್ದು. ವೀಸಾ ಅರ್ಜಿ ಹಾಕಿದ ಮೇಲೆ ಊರು ಅದಲು ಬದಲು ಮಾಡಿದರೆ ಈ ಲೆಕ್ಕವೇ ತಪ್ಪುತ್ತದೆ.

ಪ್ರಯಾಣಕ್ಕೆ 6 ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ಗಡುವು ನಂಬಿಕೊಂಡು ಕೂರಬೇಡಿ. ಬೇಸಿಗೆ ರಜೆಗೆ ಹೋಗುವವರಿಗೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಎರಡೂವರೆ, ಮೂರು ತಿಂಗಳು ಮುಂಚೆ ಹಾಕಿ. ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. 12 ವರ್ಷದೊಳಗಿನವರ ಬೆರಳಚ್ಚು ತಗೊಳ್ಳಲ್ಲ, ಅಜ್ಜಿ ಸಮೇತ ದೊಡ್ಡವರೆಲ್ಲ ಬೆಂಗಳೂರಿಗೆ ಬರಲೇಬೇಕು. ಆ ದಿನವನ್ನು ಪೂರ್ತಿ ಖಾಲಿ ಇಟ್ಟುಕೊಳ್ಳಿ. ಎಕ್ಸ್‌ಪ್ರೆಸ್‌ವೇ ಬೇಗ ಮುಗಿಯುತ್ತದೆ, ಕೆಂಗೇರಿ ಆದ ಮೇಲೆ ಹೊತ್ತು ಹೋಗುತ್ತದೆ.

ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಅಜ್ಜಿಗೆ ಬಿಪಿ, ಶುಗರ್ ಇದ್ದರೆ ಮೊದಲೇ ಇರುವ ಕಾಯಿಲೆಗೂ ವಿಮೆ ಸಿಗುತ್ತದಾ ಅಂತ ಓದಿ ನೋಡಿ ತಗೊಳ್ಳಿ. ವೀಸಾ ಆಗಬೇಕು ಅಂತಷ್ಟೇ ಅಗ್ಗದ್ದು ಬೇಡ.

ಮಂಡ್ಯ ಕಡೆಯ ರೈತ ಕುಟುಂಬಗಳಿಗೆ ಒಂದು ಮಾತು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಎಷ್ಟೋ ಜನರ ಹತ್ತಿರ ಐಟಿ ರಿಟರ್ನ್ ಇರುವುದಿಲ್ಲ. ಅದರಿಂದ ಹೆದರಬೇಕಿಲ್ಲ, ಆದರೆ ಆ ಜಾಗ ಸುಮ್ನೆ ಖಾಲಿ ಬಿಡಬೇಡಿ. ಪಹಣಿ, ಕಬ್ಬು ಅಥವಾ ಭತ್ತದ ಹಣ ಜಮಾ ಆಗಿರುವ ಬ್ಯಾಂಕ್ ಸ್ಟೇಟ್‌ಮೆಂಟ್, ಪಹಣಿಯ ಇಂಗ್ಲಿಷ್ ಅನುವಾದ, ಆದಾಯ ಎಲ್ಲಿಂದ ಹೇಗೆ ಬರುತ್ತದೆ ಅಂತ ವಿವರಿಸುವ ಪತ್ರ, ಇಷ್ಟನ್ನೂ ಸೇರಿಸಿ. ಅರ್ಜಿಗೆ ಸ್ವಲ್ಪ ದಿನ ಮುಂಚೆ ನೆಂಟರಿಂದ ದೊಡ್ಡ ಮೊತ್ತ ತಂದು ಖಾತೆಗೆ ಹಾಕುವುದು ಬೇಡವೇ ಬೇಡ. ಸ್ಟೇಟ್‌ಮೆಂಟಿನಲ್ಲಿ ಎದ್ದು ಕಾಣುವುದೇ ಅದು.

ವೀಸಾ ಬರುವವರೆಗೆ ಎಲ್ಲ ಹೋಟೆಲೂ ಉಚಿತವಾಗಿ ರದ್ದು ಮಾಡಬಹುದಾದ್ದೇ ಆಗಿರಲಿ. ರದ್ದಾಗದ ಅಗ್ಗದ ಟ್ರೈನ್ ಟಿಕೆಟ್, ಮ್ಯೂಸಿಯಂ ಟಿಕೆಟ್ ಯಾವುದನ್ನೂ ಮುಟ್ಟಬೇಡಿ.

ಹಂತ 6: ಟ್ರೈನ್ ಟಿಕೆಟ್

ವೀಸಾ ಬಂತು ಅಂದಮೇಲೆ ಇಲ್ಲಿಗೆ ಬನ್ನಿ. ಎರಡು ದೇಶದ ಪದ್ಧತಿ ಬೇರೆ ಬೇರೆ.

ಸ್ವಿಟ್ಜರ್ಲೆಂಡಿನಲ್ಲಿ ಸ್ವಿಸ್ ಟ್ರಾವೆಲ್ ಪಾಸ್ 3, 4, 6, 8, 15 ದಿನಗಳಿಗೆ ಸಿಗುತ್ತದೆ. ಟ್ರೈನು, ಬಸ್ಸು, ಕೆರೆಯ ದೋಣಿ ಎಲ್ಲ ಅದರಲ್ಲೇ. ನಮ್ಮ 5 ರಾತ್ರಿ ಅಂದರೆ ಇಳಿದ ದಿನದಿಂದ ಹೊರಡುವ ದಿನದವರೆಗೆ 6 ದಿನ, 6 ದಿನದ ಪಾಸ್ ಸರಿಯಾಗಿ ಕೂರುತ್ತದೆ. ಅಪ್ಪ ಅಥವಾ ಅಮ್ಮನ ಹತ್ತಿರ ಪಾಸ್ ಇದ್ದರೆ 16 ವರ್ಷದೊಳಗಿನ ಮಗುವಿಗೆ ಫ್ಯಾಮಿಲಿ ಕಾರ್ಡ್ ಉಚಿತ, ಅದನ್ನು ಪಾಸ್ ತಗೊಳ್ಳುವಾಗಲೇ ಕೇಳಿ ಸೇರಿಸಿಕೊಳ್ಳಬೇಕು. ಇಂಟರ್‌ಲಾಕನ್ ಕಡೆಯಿಂದ ಯುಂಗ್‌ಫ್ರಾವ್ ಶಿಖರದ ಪಕ್ಕದ ಯುಂಗ್‌ಫ್ರಾವ್‌ಯೋಕ್‌ಗೆ ಹತ್ತುವ ಟ್ರೈನು ಪಾಸಿನಲ್ಲಿ ಪೂರ್ತಿ ಉಚಿತವಲ್ಲ, ರಿಯಾಯಿತಿ ಅಷ್ಟೇ. ಅದರ ಟಿಕೆಟ್ ಮೊದಲೇ ತಗೊಳ್ಳಬೇಡಿ. ಬೆಳಗ್ಗೆ ವೆಬ್‌ಕ್ಯಾಮ್ ನೋಡಿ, ಮೋಡ ಇಲ್ಲ ಅಂದರೆ ಮಾತ್ರ ತಗೊಳ್ಳಿ. ಮೇಲಿನ ಸ್ಟೇಷನ್ 3,454 ಮೀಟರ್ ಎತ್ತರದಲ್ಲಿದೆ. ಅಜ್ಜಿಗೆ ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಕರೆದುಕೊಂಡು ಹೋಗಿ.

ಇಟಲಿಯಲ್ಲಿ ವೇಗದ ಟ್ರೈನುಗಳಿಗೆ ಸೀಟು ಕಾದಿರಿಸುವುದು ಕಡ್ಡಾಯ, ಬೇಗ ತಗೊಂಡರೆ ಅಗ್ಗ. ಅತಿ ಅಗ್ಗದ ಟಿಕೆಟ್ ಬದಲಾಯಿಸಲಾಗದು, ವಾಪಸೂ ಇಲ್ಲ. ಕಾರು ವಾಪಸ್ ಕೊಟ್ಟು ಹತ್ತುವ ರೋಮ್ ಟ್ರೈನಿಗೆ ಮಾತ್ರ ಸ್ವಲ್ಪ ಜಾಸ್ತಿ ಕೊಟ್ಟಾದರೂ ಬದಲಾಯಿಸಬಹುದಾದ ಟಿಕೆಟ್ ತಗೊಳ್ಳಿ.

ಕಷ್ಟದ ದಿನ 6ನೇದು. ಇಂಟರ್‌ಲಾಕನ್‌ನಿಂದ ಸ್ಪೀಟ್ಸ್, ಅಲ್ಲಿ ಬದಲಾಯಿಸಿ ಬ್ರಿಗ್, ದೊಮೊದೊಸೊಲಾ ಮೇಲೆ ಮಿಲಾನ್, ಅಲ್ಲಿ ಬದಲಾಯಿಸಿ ಫ್ಲಾರೆನ್ಸ್. ಸ್ವಿಸ್ ಪಾಸ್ ನಡೆಯುವುದು ದೊಮೊದೊಸೊಲಾವರೆಗೆ ಮಾತ್ರ. ಅಲ್ಲಿಂದ ಮುಂದಕ್ಕೆ ಬೇರೆ ಟಿಕೆಟ್ ಬೇಕು, ಗಡಿ ದಾಟುವ ಟ್ರೈನಿಗೆ ಸೀಟೂ ಕಾದಿರಿಸಬೇಕು. ಸ್ಪೀಟ್ಸ್‌ನಲ್ಲಿ ಏಳೆಂಟು ನಿಮಿಷದಲ್ಲಿ ಟ್ರೈನು ಬದಲಾಯಿಸಿ ಅಂತ ಆ್ಯಪ್ ಹೇಳಿದರೆ ನಂಬಬಹುದು. ಪ್ಲಾಟ್‌ಫಾರ್ಮ್ ನಂಬರ್ ಮೊದಲೇ ತೋರಿಸುತ್ತಾರೆ, ಯಾವ ಡಬ್ಬಿ ಎಲ್ಲಿ ನಿಲ್ಲುತ್ತದೆ ಅಂತ ಪ್ಲಾಟ್‌ಫಾರ್ಮಿನಲ್ಲೇ ಎ, ಬಿ, ಸಿ ಅಂತ ಬರೆದಿರುತ್ತದೆ. ನಿಮ್ಮ ಅಕ್ಷರದ ಕೆಳಗೆ ಸೂಟ್‌ಕೇಸ್ ಸಮೇತ ನಿಂತುಕೊಳ್ಳಿ. ಮಿಲಾನಿನಲ್ಲಿ ಮಾತ್ರ ಒಂದು ಗಂಟೆ ಬಿಡುವು ಇಟ್ಟುಕೊಳ್ಳಿ.

ಟಿಕೆಟಿನಲ್ಲಿ ಸ್ಟೇಷನ್ ಹೆಸರು ಪೂರ್ತಿ ಓದಿ. ಫ್ಲಾರೆನ್ಸ್ ಅಲ್ಲಿ ಫಿರೆಂಜೆ, ನಿಮಗೆ ಬೇಕಾದ್ದು ಸಾಂತಾ ಮರಿಯಾ ನೊವೆಲ್ಲಾ. ಮಿಲಾನಿನಲ್ಲಿ ಚೆಂತ್ರಾಲೆ, ರೋಮಿನಲ್ಲಿ ತೆರ್ಮಿನಿ. ಪ್ಲಾನಿಗೆ ವೆನಿಸ್ ಸೇರಿಸಿಕೊಂಡವರು ಮೆಸ್ತ್ರೆಯಲ್ಲಿ ಇಳಿದುಬಿಡಬೇಡಿ, ನೀರಿನ ಮೇಲಿನ ಊರಿಗೆ ಸಾಂತಾ ಲುಚಿಯಾವರೆಗೆ ಹೋಗಬೇಕು.

ಇಟಲಿಯಲ್ಲಿ ರೈಲ್ವೆ ಮುಷ್ಕರ ಸಾಮಾನ್ಯ. ಮೊದಲೇ ಘೋಷಿಸುತ್ತಾರೆ, ಹೊರಡುವ ಹಿಂದಿನ ವಾರ ನೋಡಿಕೊಳ್ಳಿ. ಮುಷ್ಕರದ ದಿನ ಕೆಲಸದ ದಿನವಾಗಿದ್ದರೆ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ಸ್ಥಳೀಯ ಟ್ರೈನುಗಳು ಓಡಲೇಬೇಕೆಂಬ ನಿಯಮ ಇದೆ.

ಈಗ ಬಿಡುವಿನ ದಿನಗಳನ್ನು ವಾರದ ದಿನಕ್ಕೆ ಹೊಂದಿಸಿ. ಫ್ಲಾರೆನ್ಸ್‌ನ ಉಫೀತ್ಸಿ ಕಲಾ ಮ್ಯೂಸಿಯಂ ಸೋಮವಾರ ಮುಚ್ಚಿರುತ್ತದೆ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಮಿಕ್ಕ ಭಾನುವಾರ ಇಲ್ಲ.

ಹಂತ 7: ಕಾರು

ಬುಕ್ ಮಾಡುವಾಗ ಆಟೊಮ್ಯಾಟಿಕ್ ಅಂತ ಆರಿಸಿ. ಆರಿಸದಿದ್ದರೆ ಗೇರ್ ಕಾರು ಬರುತ್ತದೆ, ಗೇರು ಬಲಗೈಗೆ ಬಂದಿರುತ್ತದೆ. ನಾಲ್ಕು ಜನ, ನಾಲ್ಕು ಸೂಟ್‌ಕೇಸ್ ಸಣ್ಣ ಕಾರಿನ ಡಿಕ್ಕಿಗೆ ಹಿಡಿಸಲ್ಲ, ಒಂದು ಸೈಜು ದೊಡ್ಡದು ನೋಡಿ. ಇಟಲಿಯಲ್ಲಿ 150 ಸೆಂಟಿಮೀಟರಿಗಿಂತ ಗಿಡ್ಡ ಇರುವ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. ಹತ್ತು ವರ್ಷದ ಮಗುವಿಗೂ ಬೂಸ್ಟರ್ ಬೇಕಾಗುತ್ತದೆ.

ಡೆಪಾಸಿಟ್ಟಿಗೆ ಓಡಿಸುವವರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಫಾರೆಕ್ಸ್ ಕಾರ್ಡು, ಡೆಬಿಟ್ ಕಾರ್ಡು ಒಪ್ಪದಿರುವುದೇ ಹೆಚ್ಚು. ಕಾರ್ಡಿನ ಅಂತರರಾಷ್ಟ್ರೀಯ ಬಳಕೆ ಆನ್ ಆಗಿದೆಯಾ, ಲಿಮಿಟ್ ಸಾಕಾ ಅಂತ ಊರಲ್ಲೇ ನೋಡಿಕೊಳ್ಳಿ.

ಕೀ ಕೈಗೆ ಬಂದ ತಕ್ಷಣ ಹೊರಡಬೇಡಿ. ಕಾರಿನ ಸುತ್ತ ವಿಡಿಯೊ ಮಾಡಿ. ನಾಲ್ಕೂ ಚಕ್ರದ ರಿಮ್, ಬಂಪರಿನ ಕೆಳಭಾಗ, ಮುಂದಿನ ಗಾಜು, ಇಂಧನದ ಮುಳ್ಳು ಎಲ್ಲ ಬರಲಿ. ಹಳೇ ಗೀರು ಇದ್ದರೆ ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಆಮೇಲೆ ಪಾರ್ಕಿಂಗ್ ಜಾಗದಲ್ಲೇ ನಾಲ್ಕೈದು ಸುತ್ತು ಹಾಕಿ.

ಬಲಗಡೆ ಓಡಿಸುವಾಗ ನೇರ ರಸ್ತೆಯಲ್ಲಿ ತಪ್ಪಾಗಲ್ಲ. ಪೆಟ್ರೋಲ್ ಬಂಕಿನಿಂದ ಹೊರಬಂದಾಗ, ಖಾಲಿ ರಸ್ತೆಗೆ ಎಡಕ್ಕೆ ತಿರುಗಿದಾಗ, ಬೆಳಗ್ಗೆ ಮೊದಲ ಸಲ ಹೊರಟಾಗ ಕೈ ತಾನಾಗಿ ಎಡಗಡೆಗೆ ಹೋಗುತ್ತದೆ. ಪಕ್ಕದಲ್ಲಿ ಕೂತವರ ಕೆಲಸವೇ ಪ್ರತಿ ತಿರುವಿನಲ್ಲೂ "ಬಲಗಡೆ" ಅಂತ ಜೋರಾಗಿ ಹೇಳುವುದು. ಸರ್ಕಲ್ಲುಗಳಲ್ಲಿ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಸುತ್ತಬೇಕು, ಒಳಗಿರುವ ಗಾಡಿಗೆ ದಾರಿ ಬಿಡಬೇಕು. ಕೆಂಪು ಸಿಗ್ನಲ್ಲಿನಲ್ಲಿ ಬಲಕ್ಕೆ ತಿರುಗುವಂತಿಲ್ಲ.

ಇಟಲಿಯ ದೊಡ್ಡ ಬಲೆ ಝಡ್‌ಟಿಎಲ್. ಫ್ಲಾರೆನ್ಸ್, ಸಿಯೆನಾ, ಇನ್ನೂ ಎಷ್ಟೋ ಹಳೇ ಊರುಗಳ ಒಳಗೆ ಹೊರಗಿನವರ ಗಾಡಿಗೆ ಪ್ರವೇಶವಿಲ್ಲ. ಗೇಟೂ ಇಲ್ಲ, ಪೊಲೀಸೂ ಇಲ್ಲ, ಕ್ಯಾಮೆರಾ ಮಾತ್ರ. ಬಿಳಿ ಬೋರ್ಡಿನಲ್ಲಿ ಕೆಂಪು ವೃತ್ತ ಕಂಡರೆ ನಿಲ್ಲಿಸಿ. ದಂಡದ ಕಾಗದ ತಿಂಗಳುಗಟ್ಟಲೆ ಆದ ಮೇಲೆ ಮನೆಗೆ ಬರುತ್ತದೆ, ಬಾಡಿಗೆ ಕಂಪನಿಯ ಚಾರ್ಜು ಬೇರೆ. ಊರ ಹೊರಗೆ ಪಾರ್ಕ್ ಮಾಡಿ ನಡೆದು ಹೋಗಿ. ನೀಲಿ ಗೆರೆ ಇದ್ದರೆ ದುಡ್ಡು ಕೊಟ್ಟು ನಿಲ್ಲಿಸುವ ಜಾಗ, ಬಿಳಿ ಇದ್ದರೆ ಸಾಮಾನ್ಯವಾಗಿ ಉಚಿತ, ಹಳದಿ ನಿಮ್ಮದಲ್ಲ. ಟೋಲ್ ರಸ್ತೆಗೆ ಹೋದರೆ ಟೆಲೆಪಾಸ್‌ಗೆ (ನಮ್ಮ ಫಾಸ್ಟ್ಯಾಗ್ ಥರದ್ದು) ಮೀಸಲಾದ ಹಳದಿ ಸಾಲಿಗೆ ನುಗ್ಗಬೇಡಿ.

ಹಂತ 8: ದುಡ್ಡು, ಊಟ, ಲಗೇಜು

ಸ್ವಿಟ್ಜರ್ಲೆಂಡಿನಲ್ಲಿ ಫ್ರಾಂಕ್, ಇಟಲಿಯಲ್ಲಿ ಯೂರೋ. ಕಾರ್ಡ್ ಉಜ್ಜುವಾಗ ಮೆಷಿನ್ "ರೂಪಾಯಿಯಲ್ಲಿ ಕೊಡ್ತೀರಾ" ಅಂತ ಕೇಳಿದರೆ ಬೇಡ ಅನ್ನಿ, ಅಲ್ಲಿನ ಹಣವನ್ನೇ ಆರಿಸಿ. ರೂಪಾಯಿ ಒತ್ತಿದರೆ ಕೆಟ್ಟ ದರ ಬೀಳುತ್ತದೆ.

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಸ್ವಿಟ್ಜರ್ಲೆಂಡಿನಲ್ಲಿ ಸಿಕ್ಕರೆ ಬಿಡಬೇಡಿ. ಹೋಟೆಲ್ ಊಟ ಅಲ್ಲಿ ತುಂಬಾ ದುಬಾರಿ. ಅಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ಸ್ಟೇಷನ್ನಿನೊಳಗಿನ ಕೋಪ್, ಮಿಗ್ರೋಸ್ ಸೂಪರ್ ಮಾರ್ಕೆಟ್ಟುಗಳು ತೆರೆದಿರುತ್ತವೆ. ಊರಿಂದ ರವೆ, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ಯಿರಿ. ತುಪ್ಪ, ಪೇಡ, ಹಸಿ ಕರಿಬೇವು ಬೇಡ. ಹಾಲಿನ ಪದಾರ್ಥ, ಹಸಿ ಸೊಪ್ಪು ಕಸ್ಟಮ್ಸಿನಲ್ಲಿ ನಿಲ್ಲಿಸುತ್ತಾರೆ.

ಲಗೇಜಿಗೆ ಒಂದೇ ಪರೀಕ್ಷೆ. ಪ್ಯಾಕ್ ಮಾಡಿದ ಸೂಟ್‌ಕೇಸನ್ನು ಯಾರ ಸಹಾಯವೂ ಇಲ್ಲದೆ ಮನೆಯ ಮಹಡಿಗೆ ಹತ್ತಿಸಿ ಇಳಿಸಿ. ಆಗಲಿಲ್ಲವಾ, ಅರ್ಧ ತೆಗೆಯಿರಿ. ಅಲ್ಲಿ ಕೂಲಿ ಸಿಗಲ್ಲ. ಅಜ್ಜಿಯ ಸಾಮಾನನ್ನು ಮಿಕ್ಕವರ ಪೆಟ್ಟಿಗೆಗೆ ಹಂಚಿ, ಮಾತ್ರೆಯ ಚೀಲ ಮತ್ತು ಇಂಗ್ಲಿಷಿನಲ್ಲಿ ಬರೆದ ಡಾಕ್ಟರ್ ಚೀಟಿ ಮಾತ್ರ ಅವರ ಕೈಯಲ್ಲಿರಲಿ.

ಹಂತ 9: ಹೊರಡುವ ದಿನ, ಬರುವ ದಿನ

2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಹೊಸ ವ್ಯವಸ್ಥೆ ಶುರುವಾಗಿದೆ. ಮುದ್ರೆ ಹಾಕುವ ಬದಲು ಮೊದಲ ಸಲ ಫೋಟೊ ತಗೊಳ್ಳುತ್ತಾರೆ, ವೀಸಾಗೆ ಕೊಟ್ಟ ಬೆರಳಚ್ಚನ್ನು ತಾಳೆ ನೋಡಬಹುದು. ಸಾಲು ಉದ್ದ ಆಗಬಹುದು, ಇಳಿದ ಒಂದು ಗಂಟೆಗೇ ನಿರ್ದಿಷ್ಟ ಟ್ರೈನಿಗೆ ಟಿಕೆಟ್ ಮಾಡಬೇಡಿ. ಜ್ಯೂರಿಕ್ ವಿಮಾನ ನಿಲ್ದಾಣದ ಕೆಳಗೇ ಸ್ಟೇಷನ್ ಇದೆ, ಲುಸರ್ನ್‌ಗೆ ಟ್ರೈನು ಬರುತ್ತಲೇ ಇರುತ್ತವೆ. ಪಾಸ್ ಇದ್ದರೆ ಯಾವುದಕ್ಕಾದರೂ ಹತ್ತಬಹುದು. ಆ ದಿನಕ್ಕೆ ಬೇರೇನೂ ಇಟ್ಟುಕೊಳ್ಳಬೇಡಿ. ಸಂಜೆ ಕೆರೆ ದಂಡೆಯಲ್ಲಿ ಒಂದು ಸುತ್ತು ನಡೆದು ಮಲಗಿ.

ಮಾರ್ಚ್ ಅಥವಾ ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿದ್ದರೆ ಅಲ್ಲಿನ ಗಡಿಯಾರ ಒಂದು ಗಂಟೆ ಬದಲಾಗುತ್ತದೆ. ಬೇಸಿಗೆಯಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ.

ವಾಪಸ್ ಹೊರಡುವ ದಿನ ರೋಮ್ ತೆರ್ಮಿನಿಯಿಂದ ಫಿಯುಮಿಚಿನೊ ವಿಮಾನ ನಿಲ್ದಾಣಕ್ಕೆ ಲಿಯೊನಾರ್ದೊ ಎಕ್ಸ್‌ಪ್ರೆಸ್, 32 ನಿಮಿಷ. ವಿಮಾನಕ್ಕೆ ಮೂರೂವರೆ ಗಂಟೆ ಮುಂಚೆ ಅಲ್ಲಿರುವ ಹಾಗೆ ಹೊರಡಿ. ಬೆಂಗಳೂರಿನಲ್ಲಿ ಇಳಿದ ಮೇಲೆ ಮನೆಯವರಲ್ಲಿ ಯಾರೂ ಸ್ಟೇರಿಂಗ್ ಹಿಡಿಯಬೇಡಿ. ನಿದ್ದೆಗೆಟ್ಟ ಕಣ್ಣಿಗೆ ಎಕ್ಸ್‌ಪ್ರೆಸ್‌ವೇಯ ನೇರ ರಸ್ತೆ ಒಳ್ಳೇದಲ್ಲ. ವಿಮಾನ ನಿಲ್ದಾಣದಿಂದಲೇ ಮೈಸೂರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ, ವಿಮಾನ ಇಳಿಯುವ ಸಮಯಕ್ಕೆ ಎರಡು ಗಂಟೆ ಸೇರಿಸಿ ಸೀಟು ಕಾದಿರಿಸಿಕೊಳ್ಳಿ.